ಮುಳಗುಂದ ನಾಕಾ, ಮಧ್ಯಾಹ್ನ ಎರಡೂವರಿ

ಲಕ್ಷ್ಮೇಶ್ವರದಿಂದ ಒಂದ ಉಸಿರಿಗೆ ಬಂದಿದ್ದೆ.
ತಮ್ಮನ ಮಾತು ಹಿಂದಿನ ಸೀಟಿನಾಗ ಕುಂತು
ಮುಳಗುಂದ ದಾಟಿದರೂ ಇಳಿದಿರಲಿಲ್ಲ.
ಗಾಡಿ ಎಡಕ್ಕ ಎಳೀತಿತ್ತು.

ದಾವಲಸಾಬ ಹೆಬ್ಬೆರಳಿಲೆ ಒತ್ತಿದ,
ಮಾವು ಹಣ್ಣಾಗೇದೇನು ಅಂತ ನೋಡೂಹಂಗ.
ಅಂಗೈ ಹಚ್ಚಿ ತಟ್ಟನ ತೆಗೆದ.
“ಈಗ ಅಳೀಬಾರದ್ರಿ ಅಕ್ಕಾರ.
ಬಿಸಿ ಗಾಲಿ ಸುಳ್ಳ ಹೇಳತೈತಿ,
ಮೂವತ್ತಿದ್ದದ್ದು ಮೂವತ್ತಾರು ಅಂತೈತಿ.
ನಂಬಿ ಗಾಳಿ ಬಿಟ್ರ
ನಾಳೆ ಮುಂಜಾನೆ ಕುಂತ ಬಿಡತೈತಿ.”

ಬೇವಿನ ನೆರಳಿಗೆ ನೂಕಿದಿವಿ ಗಾಡಿ.
ಸವೆದ ಲಾರಿ ಟೈರಿನ ಮ್ಯಾಲೆ ನಾನು.
ಅರ್ಧ ಕಪ್ ಚಾ. ಇನ್ನರ್ಧ.
ಫೋನು ಎರಡು ಸಲ ನಡುಗಿತು, ಎತ್ತಲಿಲ್ಲ.
ದೂರ ಕಪ್ಪತಗುಡ್ಡದ ಮ್ಯಾಲೆ ಬಿಳೀ ರೆಕ್ಕಿ
ಪುಕ್ಕಟ ಗಾಳಿಗೆ ತಿರುಗತಿದ್ದವು;
ಇಲ್ಲಿ ಗಾಲಿಗೆ ಐದು ರೂಪಾಯಿ.

ನಾಲ್ಕು ಹೊಡೀತು. ಮೀಟರು ಕಚ್ಚಿಸಿದ.
ಮೂರು ಗಾಲಿ ಮೂವತ್ತರ ಆಜೂಬಾಜು,
ಮುಂದಿನ ಎಡದ್ದು ಹತ್ತೊಂಬತ್ತು.
ಗಾಲಿ ತಿರುವಿ ತಿರುವಿ ಹುಡುಕಿದ.
“ಮೊಳೆ ಗಿಳೆ ಏನೂ ಚುಚ್ಚಿಲ್ರಿ.
ಭಾಳ ದಿನ ನೋಡದ ಬಿಟ್ಟದ್ದು, ಅಷ್ಟ.”
ಕಂಪ್ರೆಸರು ಕೆಮ್ಮಿ ಕೆಮ್ಮಿ ಎದ್ದಿತು.
ವಾಲ್ವಿಗೆ ಉಗುಳು ಹಚ್ಚಿ ಕಾದ.
ಗುಳ್ಳಿ ಏಳಲಿಲ್ಲ. ಟೊಪ್ಪಿಗಿ ಹಾಕಿದ.

“ಸ್ಟೆಪ್ನಿ?”
ಡಿಕ್ಕಿ ತೆಗೆದೆ. ಮೂರು ವರ್ಷದ ಧೂಳು,
ತಮ್ಮನ ಲಗ್ನಪತ್ರಿಕೆಯ ಉಳಿದ ಕಟ್ಟು,
ಅದರ ಬುಡಕ
ಒಮ್ಮೆಯೂ ನೆಲ ಮುಟ್ಟದ ಗಾಲಿ.
ಮುಳ್ಳು ಒಂಬತ್ತಕ್ಕ ನಿಂತಿತು.
“ಇದನ್ನ ಯಾರೂ ಕೇಳಂಗಿಲ್ಲ ನೋಡ್ರಿ,” ಅಂದ,
ಮಗುವನ್ನ ಎತ್ತಿಧಂಗ ಎತ್ತಿ ಹೊರಗಿಟ್ಟ.

ಇಪ್ಪತ್ತೈದು ಕೊಟ್ಟೆ.
ಚಾದ್ದು ತಗೊಳ್ಳಲಿಲ್ಲ.