ಕಾಳಿ ಎರಡು

ಪೋಸ್ಟರಿನಾಗ ಸೀರಿಯಲ್ಲಿನ ಹೆಸರು ಮೊಳದುದ್ದ,
ಆಕಿ ಹೆಸರು ಜ್ವಾಳದ ಕಾಳಿನಷ್ಟು.
ಅದೂ ಫಕೀರವ್ವ ಅಲ್ಲ, ಪ್ರತೀಕ್ಷಾ.
ಮುಳಗುಂದ ನಾಕಾದಾಗ ಅಂಟಿಸಿದ್ದನ್ನ
ನಾನೂ ಒಂದು ಗಳಿಗಿ ನಿಂತು ಓದಿದೆ,
ಬಗಲಾಗ ಕಾಲಪೇಟಿಯ ಹರದ ತಿದಿ,
ಹೊಲಿಸಾಕ ಒಯ್ದಿದ್ದೆ.

ಹೊಂಬಳದಿಂದ ಕಂಪನಿಗೆ ಬಂದಾಗ ಆಕಿಗೆ ಹನ್ನೊಂದು.
ಮೊದಲ ವರ್ಷ ಬಾಲಕೃಷ್ಣ, ಆಮ್ಯಾಲೆ ಸಖಿ,
ಆಮ್ಯಾಲೆ ಒಂದ ಪದಕ್ಕ ನಾಕ ಸಲ ಒನ್ಸ್ ಮೋರ್.
ಕಾಳಿ ನಾಕರಾಗ ಹಾಡತಿದ್ಲು.
ನನ್ನ ಬೆರಳು ಮುಟ್ಟೂದ್ರಾಗ ಆಕಿ ಅಲ್ಲಿರತಿದ್ಲು,
ನಾ ಓಡಿ ಓಡಿ ಹಿಂದ.

ಬೆಂಗಳೂರಾಗ ಮಾರಿ ಹಿಡಿಸಿತು.
ದನಿ ಬ್ಯಾಡ ಅಂದ್ರು:
‘ಮೇಡಂ, ನಿಮ್ಮ ಮಾತಲ್ಲಿ ರೊಟ್ಟಿ ಬಡಿಯೋ ಸದ್ದು ಬರುತ್ತೆ.’
ಗಾಜಿನ ಖೋಲಿಯಾಗ ಕುಂತು ಯಾರೋ ಒಬ್ಬಾಕಿ
ಆಕಿ ಬಾಯಿಗೆ ಮಾತು ಹೊಲಿದ್ಲು,
ಸಾವಿರದಾ ನೂರು ಕಂತು.
ಕಡೀಗೆ ಅತ್ತಿ ಪಾತ್ರಕ್ಕ ಜಡ್ಡು ಬಂತು, ಸತ್ಲು.
ಗ್ವಾಡಿಗೆ ಫೋಟೋ, ಫೋಟೋಕ್ಕ ಪ್ಲಾಸ್ಟಿಕ್ ಹಾರ,
ಹಾರದ ಮುಂದ ದಿನಾ ಅಳತಾಳ ಸೊಸಿ.
ಫೋಟೋಕ್ಕ ಪಗಾರಿಲ್ಲ.

ಹಂಗಾಗಿ ಮತ್ತ ಟೆಂಟು.
ಪಡದೆ ಸರಿದಾಗ ಮುಂದಿನ ಸಾಲಿನ ಮುದುಕಿ
‘ಏ, ಸೊಸೀಗೆ ವಿಷಾ ಹಾಕಿದಾಕಿ! ಇನ್ನೂ ಜೀವಂತ ಅದಿಯೇನ?’
ಅಂತ ಎದ್ದು ನಿಂತ್ಲು. ಟೆಂಟ್ ನಕ್ಕಿತು. ಆಕೀನೂ ನಕ್ಳು.
ಮೊದಲನೇ ಸಾಲು ಹಾಡಿದ್ಲು.
‘ಇದು ಆಕಿ ದನಿ ಅಲ್ಲೋ!’
‘ರೆಕಾರ್ಡ್ ಹಚ್ಯಾರ, ರೊಕ್ಕಾ ವಾಪಸ್ ಕೊಡ್ರಿ!’
ಡೈಲಾಗ್ ಕೇಳಿದ್ರು. ಹೊಡದ್ಲು, ತನ್ನ ದನೀಲೆ.
ಸಿಳ್ಳಿ ಹಾಕಿ ಬ್ಯಾಡಂದ್ರು.

ಬೆಟಗೇರಿ ಮಗ್ಗದ ಮನಿ ಹುಡುಗ ಒಬ್ಬ, ರುದ್ರೇಶಿ,
ಮಿಮಿಕ್ರಿ ಮಾಡಾಂವ, ಕುಂತಲ್ಲಿಂದನ ಅಂದ:
‘ಈ ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ!’
ಥೇಟ್ ಅದ ದನಿ. ತಗಡು ಹಾರೂವಂಗ ಚಪ್ಪಾಳಿ.
ಆಕಿ ಕೈಮಾಡಿ ಮ್ಯಾಲ ಕರದ್ಲು,
ಬೆನ್ನ ಹಿಂದ ನಿಲ್ಲಿಸಿ, ಮೈಕ್ ಅವನ ಕೈಗೆ ಕೊಟ್ಟು
ತಾ ಬರೇ ತುಟಿ ಅಲ್ಲಾಡಿಸಿದ್ಲು.
ಒಂದಕ್ಷರ ಹಿಂದ ಮುಂದ ಇಲ್ಲ.
ಸಾವಿರದಾ ನೂರು ಕಂತಿನ ವಿದ್ಯೆ ಅದು.
ಅವತ್ತಿನ ಒನ್ಸ್ ಮೋರ್ ಅದಕ್ಕ ಬಿತ್ತು.
ನಾ ಪೇಟಿ ಮ್ಯಾಲ ಕೈ ಇಟ್ಟಕೊಂಡು ಸುಮ್ಮನ ಕುಂತಿದ್ದೆ.

ಆಮ್ಯಾಲೆ ಹಾಡಿದ್ಲು. ಕೆಲವರು ಕೇಳಿದ್ರು,
ಕೆಲವರು ಗಿರಮಿಟ್ ತಿನ್ನಾಕ ಹೊರಗ ಹೋದ್ರು.
ಮುದುಕಿ ಮಾತ್ರ ಏಳಲಿಲ್ಲ. ನಿದ್ದಿ ಹತ್ತಿತ್ತು.

ಮೂರು ಬಡದಿತ್ತು. ಕೊಬ್ಬರಿ ಎಣ್ಣಿಲೆ ಬಣ್ಣಾ ತಗೀತ ಕೇಳಿದ್ಲು:
‘ಸಾಬಣ್ಣ, ಇವತ್ತ ಯಾವ ಪಟ್ಟಿಗೆ ಹಾಡಿದೆ ನಾ?’
ನಲವತ್ತು ವರ್ಷದಾಗ ಆಕಿಗೆ ಸುಳ್ಳು ಹೇಳಿಲ್ಲ.
‘ಕಾಳಿ ಎರಡು.’
‘ಎರಡು ಮನಿ ಕೆಳಗ ಇಳದೀನಿ,’ ಅಂದ್ಲು,
ಬಾಡಿಗಿ ಮನಿ ಬಿಟ್ಟು ಬಂದವರ ಗತೆ.

ಬಸ್ ಸ್ಟ್ಯಾಂಡ್ ಮಗ್ಗಲ ಚಾದಂಗಡಿ.
ತೆಲಿಗೆ ಮಫ್ಲರ್ ಸುತ್ತಿ, ಕಂಬಕ್ಕ ಬೆನ್ನು ಆನಿಸಿ
ತನಗ ತಿಳೀದಂಗ ಗುನುಗಿದ್ಲು ಒಂದೆರಡು ಸಾಲು.
ಟೀವಿಯಾಗ ನಿನ್ನಿ ಕಂತು, ಹಾರ ಹಾಕಿದ ಫೋಟೋ.
ಚಾ ಸೋಸಾಂವ ಅದನ್ನೂ ನೋಡಲಿಲ್ಲ, ಈಕೀನ್ನೂ ನೋಡಲಿಲ್ಲ,
ಹಾಲು ಉಕ್ಕೂದನ್ನ ಕಾಯಕೋತ ಅಂದ:
‘ಹೊಂಬಳದ ಫಕೀರವ್ವ ಹಿಂಗ ಹಾಡತಿದ್ಲರಿ.
ಈಗ ಎಲ್ಲಿ ಅದಾಳೋ.’

ನಾ ಬಾಯಿ ತೆರದೆ. ಆಕಿ ನನ್ನ ಕಾಲು ತುಳದ್ಲು.
‘ನನಗ ಸಕ್ರಿ ಕಡಿಮಿ ಹಾಕಪಾ,’ ಅಂದ್ಲು.