ಇನ್ನೂರ ಹದಿನಾಲ್ಕನೆಯ ಸಾಲು

ನಾಪೋಕ್ಲಿನ ಜೇನು ಸೊಸೈಟಿಯ ಹಿಂಬದಿ ಕೋಣೆ.
ಒಂದು ತಕ್ಕಡಿ, ಒಂದು ಕಂಪ್ಯೂಟರು, ಕಾಲಿಗಂಟುವ ನೆಲ.
ಪ್ರೋಗ್ರಾಂ ಬರೆದವಳು ನಾನೇ,
ಕೆಟ್ಟರೆ ಬೈಸಿಕೊಳ್ಳುವವಳೂ.

ಪೇರೂರಿನ ಪಳಂಗಪ್ಪ, ಸದಸ್ಯ ಸಂಖ್ಯೆ ೨೧೪.
ಡೇಟಾಬೇಸಿನಲ್ಲಿ ನೀವು ಒಂದು ಸಾಲು, ಅಂದಿದ್ದೆ.
‘ಸಾಲ ಒಂದಿತ್ತು ಇಲ್ಲಿ, ಈಗ ಸಾಲೂ ಆಯಿತಾ’
ಎಂದು ನಕ್ಕಿದ್ದರು.

ಆ ಸಾಲನ್ನು ಕರೆದರೆ
ಮೆಮೊರಿಗೆ ಎದ್ದು ಬರುತ್ತದೆ ಮೈತುಂಬಿಕೊಂಡು:
ಹೆಸರು, ಊರು, ಹನ್ನೆರಡು ಪೆಟ್ಟಿಗೆ,
ಬೇರೆ ಟೇಬಲ್ಲಿನಿಂದ ಎಳೆದು ತಂದ ವರ್ಷವರ್ಷದ ತೂಕ,
ಒಂದೊಂದರ ಬಾಲಕ್ಕೂ ಕಟ್ಟಿದ ೨೧೪.
ಏನಾದರೂ ತಿದ್ದಿದಿರೋ, ಅದಕ್ಕೆ ಮೈಲಿಗೆ.
ಪುಸ್ತಕದವರು ಕೊಳಕು ಅನ್ನುತ್ತಾರೆ;
ನಾನು ಕೋಡಿನಲ್ಲಿ ‘ಸೂತಕ’ ಎಂದು ಬರೆದೆ.
ಉಳಿಸುವವರೆಗೆ ಸೂತಕ ನಿಜ,
ಉಳಿಸಿದ ಮೇಲೆ ಸುಳ್ಳು.
ತಮಾಷೆಗೆ ಇಟ್ಟ ಹೆಸರು ಅದು.

ಮಾದ ಮುಗಿದ ಮೂರನೇ ದಿನ
ಸೊಸೆ ಚೋಂದಮ್ಮ ಬಂದಳು,
ಕೈಯಲ್ಲಿ ಒಂದು ಜೇನಿನ ಡಬ್ಬ,
ಮರಣಪತ್ರದ ಜೆರಾಕ್ಸು. ಕಾಗದ ಇನ್ನೂ ಬೆಚ್ಚಗಿತ್ತು.

ತೆರೆದೆ. ಜೀವಂತ: ಹೌದು.
ಇಲ್ಲ ಎಂದು ತಿದ್ದಿದೆ. ತಾರೀಖು ತುಂಬಿದೆ.
ಹನ್ನೆರಡು ಪೆಟ್ಟಿಗೆ ಅವಳ ಹೆಸರಿಗೆ ತಿರುಗಿಸಿದೆ.
ಪರದೆಯಲ್ಲಿ ಎಲ್ಲ ಆಗಿಹೋಗಿದೆ,
ಡಿಸ್ಕಿನಲ್ಲಿ ಏನೂ ಆಗಿಲ್ಲ.
ಈ ನಡುವಿನ ಜಾಗ ನಾನೇ ಕಟ್ಟಿದ್ದು,
ಅಲ್ಲೊಬ್ಬರು ನಿಂತಿದ್ದಾರೆ, ಎರಡೂ ಕಡೆ ಸೇರದೆ.

‘ಮಾವನ ಹಳೇ ತೂಕವೆಲ್ಲ ಅಳಿಸಿ ಹೋಗುತ್ತಾ?’
ಇಲ್ಲ, ಅವರ ಸಾಲನ್ನು ಅಳಿಸುವುದಿಲ್ಲ.
ಅಳಿಸಿದರೆ ತೂಕಗಳು ಅನಾಥ,
ಅದಕ್ಕೆ ಡೇಟಾಬೇಸು ಒಪ್ಪುವುದೂ ಇಲ್ಲ.
ಅವಳು ಡಬ್ಬದ ಮುಚ್ಚಳ ತಿರುಗಿಸುತ್ತ ಕೂತಳು,
ಬಿಗಿಯಾಗಿದ್ದನ್ನೇ ಇನ್ನೂ ಬಿಗಿಯಾಗಿ.

ಅಷ್ಟರಲ್ಲಿ ಗುಡುಗು, ಎಪ್ರಿಲ್ಲಿನದು,
ಕರೆಂಟು ಹೋಯಿತು.
ಯುಪಿಎಸ್ ಒಂದು ಸಲ ಕೂಗಿ ಸತ್ತಿತು.

ಮುಕ್ಕಾಲು ಗಂಟೆ ಕತ್ತಲಲ್ಲಿ
ಅವಳು ಹೇಳಿದ್ದು ಇಷ್ಟೇ: ಏಳನೇ ಪೆಟ್ಟಿಗೆಯ ಕಾಲಿಗೆ
ಮಾವ ಇಟ್ಟ ನೀರಿನ ಚಿಪ್ಪು ಒಣಗಿತ್ತು,
ಇರುವೆ ಹತ್ತಿತ್ತು, ಬೆಳಿಗ್ಗೆ ತುಂಬಿಸಿ ಬಂದೆ.

ಕರೆಂಟು ಬಂತು. ೨೧೪ ತೆರೆದೆ.
ಜೀವಂತ: ಹೌದು.
ಸೂತಕ: ಸುಳ್ಳು.
‘ನೋಡಿ, ಮಾವ ಒಪ್ಪಲಿಲ್ಲ’ ಅಂದಳು,
ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ, ಅವಳೇ ನಕ್ಕಳು.
‘ಹಾಗಾದ್ರೆ ಈ ಡಬ್ಬ ಅವರ ಹೆಸರಿಗೇ ಹಾಕಿಬಿಡಿ.
ಅವರು ನೋಡಿಕೊಂಡ ಹುಳದ್ದೇ ಅಲ್ವಾ.’

ಮೂರು ಕಿಲೋ ಎಂಟುನೂರು.
ನಿಯಮ ಪುಸ್ತಕ ಏನನ್ನುತ್ತದೋ ನೋಡಲಿಲ್ಲ.
ಉಳಿಸಿದೆ. ಉಳಿಯಿತು.

ಆಮೇಲೆ ಮತ್ತೆ ಮೊದಲಿನಿಂದ:
ಇಲ್ಲ, ತಾರೀಖು, ಹನ್ನೆರಡು ಪೆಟ್ಟಿಗೆ.
ಆದರೆ ಎಲ್ಲ ಒಟ್ಟಿಗೆ ಆಗಬೇಕು, ಇಲ್ಲವೇ ಯಾವುದೂ ಆಗಬಾರದು,
ಹಾಗೆ ಬರೆದಿದ್ದೇನೆ.
ಗುಂಡಿಯ ಮೇಲೆ ಬೆರಳಿಟ್ಟಾಗ ಕಂಡಿತು,
ನಾನೇ ಕೊಟ್ಟ ಹೆಸರು: ‘ಉಳಿಸು’.

ಬೇರೆ ಪದ ಹುಡುಕಬೇಕು ಅಂದುಕೊಂಡೆ.
ಒತ್ತಿದೆ.
ಇನ್ನೂ ಹುಡುಕಿಲ್ಲ.