ಚಪ್ಪಲಿ ಬಿಟ್ಟು ಒಳಗ ಹೋಗೋರಿಗೆ

ಇಲ್ಲಿ ಬಿಡ್ರಿ, ಮೂಲ್ಯಾಗಲ್ಲ.
ಮೂಲ್ಯಾಗ ನಾಯಿ ಮಲಗತೈತಿ.
ಟೋಕನ್ ತಗಡಿಂದು, ಕಿಸೇದಾಗ ಇಟಗೋರ್ರಿ,
ಬೆವತ ಕೈಯಾಗ ನಂಬರ್ ಅಳಸತೈತಿ.
ಹೊತ್ತ ಮಾಡಿ ಬಂದೀರಿ. ಹತ್ತು ಹೊಡದ ಮ್ಯಾಲೆ
ತ್ರಿಕೂಟೇಶ್ವರನ ಅಂಗಳ ರೊಟ್ಟಿ ಹಂಚಿನಂಗ ಕಾಯತೈತಿ.
ನೆರಳು ಎಲ್ಲಿ ಬಿದ್ದೈತೋ ಅದ ದಾರಿ ಅಂತ ತಿಳೀರಿ,
ನೆರಳು ತಪ್ಪಿದಲ್ಲಿ ಓಡ್ರಿ.
ನಗೋರು ಯಾರಿಲ್ಲ,
ನಾ ಒಬ್ಬಾಕಿ ನಗತೀನಿ.

ಒಳಗ ಮೂರು ಲಿಂಗ, ಪೀಠ ಒಂದ.
ಆಮ್ಯಾಲೆ ಸರಸ್ವತಿ ಗುಡಿ.
ಮೂರ್ತಿ ಭಗ್ನ ಆಗೈತಿ, ಅಯ್ಯೋ ಅಂದು
ಎಲ್ಲಾರೂ ತಿರುಗಿ ಬಂದಬಿಡತಾರ. ನೀವು ಬರಬ್ಯಾಡ್ರಿ.
ಕಂಬಕ್ಕ ಕೈ ಹಚ್ಚದ, ಬೆನ್ನ ಹಚ್ಚದ
ಬುಡಕ್ಕ ಕೂಡ್ರಿ, ಕೆಳಗಿಂದ ನೋಡ್ರಿ.
ಬೆಟಗೇರಿ ಮಗ್ಗದಾಗ ಸೆರಗನ್ನ ಹಿಂದಿಂದ ನೋಡಿದಂಗ,
ಎಳಿ ಎಲ್ಲಿ ಹೊಳ್ಳೈತಿ, ಎಲ್ಲಿ ಗಂಟು ಬಿದ್ದೈತಿ,
ಕಲ್ಲ ಕಡದವನ ಉಸರು ಎಲ್ಲಿ ನಿಂತೈತಿ,
ಎಲ್ಲಾ ಕಾಣತೈತಿ.
ಫೋಟೋ ಆಮ್ಯಾಲೆ.
ಇದನ್ನ ನನಗ ಕಲಿಸಿದವರ ಸುದ್ದಿ ಹೇಳತೀನಿ, ತಡೀರಿ.

ವೀರನಾರಾಯಣಗ ನಡಕೋತನ ಹೋಗ್ರಿ.
ಆಟೋದವರು ದೂರ ಅಂತಾರ. ಎಲ್ಲಿ ದೂರ!
ಒಂದ ಎಲಿ-ಅಡಿಕಿ ಬಾಯಾಗ ಕರಗೂದ್ರಾಗ ಮುಟ್ಟತೀರಿ.
ದಾರಿ ಕೇಳೂದಾದ್ರ ಕಟ್ಟಿ ಮ್ಯಾಲೆ ಕುಂತವರನ್ನ ಕೇಳ್ರಿ,
ನಡೆಯೋರಿಗೆ ತಮ್ಮ ದಾರಿ ಅಷ್ಟ ಗೊತ್ತು.
ಲಗ್ನಪತ್ರಿಕಿ ಛಾಪಿಸೋ ಮಶೀನಿನ ಸಪ್ಪಳ ಕೇಳಿದ್ರ
ಸರಿ ಓಣಿಯಾಗ ಇದ್ದೀರಿ,
ಕೇಳಲಿಲ್ಲಂದ್ರ ಕರೆಂಟ್ ಹೋಗೈತಿ,
ಆದ್ರೂ ಸರಿ ಓಣಿನ.
ಮಿರ್ಚಿ ತಿನ್ನೂ ಮೊದಲ ಬಾಣಲಿ ನೋಡ್ರಿ,
ಎಣ್ಣಿ ಕಪ್ಪಾಗಿದ್ರ ಮುಂದಿನ ಗಾಡಿ.
ಮಸೀದಿ ಬಾಂಗು, ಗುಡಿ ಗಂಟಿ
ಒಮ್ಮೊಮ್ಮೆ ಕೂಡೇ ಬರತಾವ.
ಅವಾಗ ಗಡಿಯಾರ ನೋಡೂ ಕೆಲಸಿಲ್ಲ.

ಒಂದ ಮಾತು, ಸಿಟ್ಟಾಗಬ್ಯಾಡ್ರಿ:
ನಿಮ್ಮ ಚಪ್ಪಲಿ ನಿನ್ನೆ ಕೊಂಡಾವು.
ಹೊಸಾ ಚಪ್ಪಲ್ಯಾಗ ಹಳೇ ಊರು ನೋಡಬಾರದು.
ಸಂಜೀಗೆ ಹಿಮ್ಮಡ ಬೊಕ್ಕಿ ಏಳತೈತಿ,
ಕೊಬ್ಬರಿ ಎಣ್ಣಿ ಇಟ್ಟೀನಿ, ಬರೂ ಮುಂದ ಕೇಳ್ರಿ.
ಇಪ್ಪತ್ತೆರಡು ವರ್ಷ ಆತು,
ಮಂದಿ ಮಾರಿ ಮರತೀನಿ, ಹಿಮ್ಮಡ ಮರತಿಲ್ಲ.

ಅಲ್ಲಿ ನೋಡ್ರಿ, ಗೋಣಿಚೀಲದ ಮ್ಯಾಲೆ ಕಂದು ಬೂಟು.
ಇಪ್ಪತ್ತೇಳನೇ ನಂಬರು.
ನರಗುಂದದ ಡ್ರಾಯಿಂಗ್ ಟೀಚರ್ ಒಬ್ಬಾಕಿ,
ಕಂಬದ ಬುಡಕ್ಕ ಕುಂತು ಮೂರು ತಾಸು ಬರದ್ಲು.
ಹೊರಗ ಬಂದು ನನ್ನ ಬಾಜೂಕ ಕುಂತು
ಹಾಳಿ ತಿರುವಿ ತೋರಿಸಿದ್ಲು, "ಕೆಳಗಿಂದ ನೋಡಬೇಕು, ಅವ್ವಾ" ಅಂದ್ಲು.
ಅಷ್ಟರಾಗ ಫೋನ್ ಬಂತು.
ಬರಿಗಾಲ್ಲೆ ಓಡಿದ್ಲು.
ಟೋಕನ್ ಆಕಿ ಕಡೇನ ಐತಿ.

ನಾ ಬಾಗಲದಾಕಿ. ಒಳಗ ಹೋದ್ರ
ಮಂದೀ ಕೆರಾ ಯಾರು ಕಾಯಬೇಕು?
ಒಂದ ಗ್ರಹಣದ ದಿನ ಗುಡಿಗೆ ಕೀಲಿ ಬಿತ್ತು,
ಒಬ್ರೂ ಬರಲಿಲ್ಲ.
ಬೂಟಿಗೆ ಅರಿವಿ ತುರುಕಿ ಕಾಲು ತೂರಿಸಿದೆ,
ಒಂದ ಬೊಟ್ಟು ದೊಡ್ಡಾವು.
ನಿಮಗ ಹೇಳಿದ್ನೆಲ್ಲಾ, ಆ ದಾರ್ಯಾಗನ ನಡದೆ,
ಗುಡಿ ಸುತ್ತ ಹೊರಗಿಂದ ಹೊರಗ,
ಛಾಪಖಾನಿ ಓಣಿ, ಮಸೀದಿ ಮೂಲಿ,
ಹೆಜ್ಜಿಗೊಮ್ಮೆ ಟಪ್, ಟಪ್.
ಭಜಿ ಗಾಡಿ ಮಾಬುಸಾಬ,
ದಿನಾ ನನ್ನಿಂದ ಚಿಲ್ಲರೆ ಒಯ್ಯೋನು,
"ಯಾವೂರಿಂದ ಬಂದ್ರಿ, ಅಕ್ಕಾರ?" ಅಂದ.
ಚಾಷ್ಟಿಗೋ, ಖರೇನೋ, ಇಂದಿಗೂ ಕೇಳಿಲ್ಲ.
"ದೂರಿಂದ" ಅಂದೆ.
ಎರಡು ಮಿರ್ಚಿ ಜಾಸ್ತಿ ಇಟ್ಟ.

ಮರುದಿನ ನಸುಕಿನ್ಯಾಗ, ಮಂದಿ ಬರೂ ಮೊದಲ,
ಕಂಬದ ಬುಡಕ್ಕ ಕುಂತೆ.
ಅದರ ಸುದ್ದಿ ಹೇಳೂದಿಲ್ಲ,
ಹೋಗಿ ಕೂಡ್ರಿ, ತಿಳೀತೈತಿ.

ಬೂಟು ಒರಸಿ ಇಟ್ಟೀನಿ. ಪಾಲೀಶಿಗೆ ರೊಕ್ಕಿಲ್ಲ.
ನರಗುಂದದ ಕಡೆ ಹೋದ್ರ ಹೇಳ್ರಿ,
ಫಕೀರವ್ವನ ಕಡೆ ಅದಾವ ಅಂತ.
ಅರಿವಿ ತಗದೀನಿ ಅಂತನೂ ಹೇಳ್ರಿ.
ಹೂಂ, ನಡೀರಿ ಇನ್ನ,
ನೆರಳು ಗ್ವಾಡಿ ಬುಡಕ್ಕ ಸರಿಯಾಕತ್ತೈತಿ.